ಕರ್ಚೀಫ್ ಹಾಕಿ ಟೀ ಕುಡಿಯೋಕೆ ಹೋಗ್ಬೇಡಿ

ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯೋದು ನಮಗೆಲ್ಲ ಗೊತ್ತು. ತಕ್ಷಣ ಹತ್ತಿ ಕೂತರೆ ಯಾರೂ ಏನೂ ಅನ್ನಲ್ಲ. ಹಾಕಿಟ್ಟು ಟೀ ಕುಡಿಯೋಕೆ ಹೋದರೆ ಜಗಳ ಗ್ಯಾರಂಟಿ. ಈ ಸಲ ಫೆಸ್ಟ್ ವರ್ಕ್‌ಶಾಪ್‌ಗಳ ನೋಂದಣಿ ಸೈಟ್ ಮಾಡಿದಾಗ ನಮ್ಮ ಟೀಮ್ ಮಾಡಿದ್ದು ಇದೇ ತಪ್ಪು.

ಒಂದೇ ಸೀಟು ಇಬ್ಬರಿಗೆ ಹೋಗಬಾರದು ಅಂತ, ಯಾರಾದರೂ ರಿಜಿಸ್ಟರ್ ಬಟನ್ ಒತ್ತಿದ ಕೂಡಲೇ ಡೇಟಾಬೇಸ್‌ನಲ್ಲಿ ಆ ವರ್ಕ್‌ಶಾಪ್‌ನ ಸಾಲನ್ನೇ ಲಾಕ್ ಮಾಡುತ್ತಿದ್ದೆವು. ಹಣ ಕಟ್ಟಿ ಮುಗಿದ ಮೇಲೇ ಬಿಡುತ್ತಿದ್ದೆವು. ಒಬ್ಬರು ಯುಪಿಐ ಪಿನ್ ನೆನಪಿಸಿಕೊಳ್ಳುತ್ತಾ ಕೂತರೆ ಹಿಂದಿನವರೆಲ್ಲ ಕಾಯಬೇಕು. ನಾವು ಬಳಸಿದ ಮೈಎಸ್‌ಕ್ಯೂಎಲ್‌ನಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಹೀಗೆ ಕಾಯುವ ಮಿತಿ 50 ಸೆಕೆಂಡ್. ಆಮೇಲೆ ಎರರ್. ಸೀಟು ಖಾಲಿ ಇದ್ದರೂ ಜೂನಿಯರ್‌ಗಳು "ಸೈಟ್ ಸತ್ತೋಗಿದೆ" ಅಂತ ವಾಪಸ್ ಹೋದರು.

ಬ್ಯಾಚ್ ಬದಲಿಸುವಾಗ ಇನ್ನೊಂದು ಫಜೀತಿ. ಒಬ್ಬಳು ಬೆಳಗಿನ ಬ್ಯಾಚ್‌ನಿಂದ ಮಧ್ಯಾಹ್ನಕ್ಕೆ, ಇನ್ನೊಬ್ಬ ಮಧ್ಯಾಹ್ನದಿಂದ ಬೆಳಗ್ಗೆಗೆ. ತಮ್ಮ ಬ್ಯಾಚ್ ಹಿಡಿದುಕೊಂಡು ಇಬ್ಬರೂ ಇನ್ನೊಂದಕ್ಕೆ ಕಾದರು. ಡೆಡ್‌ಲಾಕ್! ಡೇಟಾಬೇಸ್ ತಾನೇ ಪತ್ತೆಹಚ್ಚಿ ಒಬ್ಬರ ಕೆಲಸ ರದ್ದು ಮಾಡಿತು. ಮತ್ತೆ ಪ್ರಯತ್ನಿಸಬೇಕಿದ್ದ ನಮ್ಮ ಕೋಡ್ ಸುಮ್ಮನೆ ಎರರ್ ತೋರಿಸಿತು. ಇಂಟರ್ನಲ್ಸ್‌ನಲ್ಲಿ ಡೆಡ್‌ಲಾಕ್‌ನ ನಾಲ್ಕು ಷರತ್ತು ಬಾಯಿಪಾಠ ಬರೆದು ಮಾರ್ಕ್ಸ್ ತಗೊಂಡವರು ನಾವೇ.

"ದೊಡ್ಡ ಸರ್ವರ್ ತಗೊಳ್ಳೋಣ" ಅಂದರು ಕೆಲವರು. ಪಿನ್ ಒತ್ತುವ ಬೆರಳು ಅದರಿಂದ ವೇಗವಾಗುತ್ತಾ? "ಲಾಕೇ ಬೇಡ" ಅಂದರು ಇನ್ನು ಕೆಲವರು. ಹಾಗಾದರೆ ಕೊನೇ ಸೀಟನ್ನು ಇಬ್ಬರಿಗೂ ಮಾರಿ ಬೈಸಿಕೊಳ್ಳಬೇಕು. ಲಾಕ್ ಬೇಕೇ ಬೇಕು. ಆದರೆ ಮನುಷ್ಯರು ಯೋಚಿಸುವಷ್ಟು ಹೊತ್ತು ಅದನ್ನು ಹಿಡಿದಿರಬಾರದು ಅನ್ನೋದು ನಮ್ಮ ವಾದ.

ಈಗ ಕೋಡ್ ಬದಲಿಸಿದ್ದೇವೆ. ಲಾಕ್ ಹಿಡಿದು, ಸೀಟು ಎಣಿಸಿ, "ಈ ಸೀಟು 10 ನಿಮಿಷ ಇವರದು" ಅಂತ ಬರೆದು ತಕ್ಷಣ ಕಮಿಟ್. ಪೇಮೆಂಟ್ ಆಮೇಲೆ, ಲಾಕ್ ಇಲ್ಲದೆ. ಸಮಯ ಮೀರಿದರೆ ಸೀಟು ವಾಪಸ್. ತಡವಾಗಿ ಬಂದ ಹಣವೂ ವಾಪಸ್. ಎರಡು ಬ್ಯಾಚ್ ಮುಟ್ಟಬೇಕಾದರೆ ಯಾವಾಗಲೂ ಚಿಕ್ಕ ಐಡಿಯದ್ದು ಮೊದಲು. ಎಲ್ಲರೂ ಒಂದೇ ಕ್ರಮದಲ್ಲಿ ಹೋದರೆ ಎದುರುಬದುರು ಸಿಕ್ಕಿಹಾಕಿಕೊಳ್ಳುವ ಮಾತೇ ಇಲ್ಲ. ಹೆಸರು, ಫೋನ್ ನಂಬರ್ ತಿದ್ದುವ ಪುಟಕ್ಕಂತೂ ಲಾಕ್ ಹಿಡಿದು ಕಾಯಿಸೋದೇ ಇಲ್ಲ. ಸಾಲಿಗೊಂದು ವರ್ಶನ್ ನಂಬರ್ ಇಟ್ಟಿದ್ದೇವೆ. ಓದಿದಾಗ 7 ಇದ್ದದ್ದು ಬರೆಯುವಾಗಲೂ 7 ಇದ್ದರೆ ಬರೆದು 8 ಮಾಡು. ಇಲ್ಲದಿದ್ದರೆ "ಬೇರೆಯವರು ಬದಲಿಸಿದ್ದಾರೆ, ಮತ್ತೆ ನೋಡಿ" ಅನ್ನು. ಇದೇನು ಹೊಸದಲ್ಲ. ಹೀಗೆ ಕೊನೆಯಲ್ಲಿ ಪರೀಕ್ಷಿಸುವ ವಿಧಾನದ ಬಗ್ಗೆ ಕುಂಗ್ ಮತ್ತು ರಾಬಿನ್ಸನ್ 1981ರಲ್ಲೇ ಬರೆದಿದ್ದರು.

ಮುಂದಿನ ವರ್ಷ ಸೈಟ್ ಮಾಡೋರಿಗೆ ಒಂದು ಮಾತು. ಲಾಂಚ್‌ಗೆ ಮೊದಲು ಹತ್ತು ಗೆಳೆಯರನ್ನು ಒಂದೇ ಸಲ ರಿಜಿಸ್ಟರ್ ಮಾಡಿಸಿ. ಅವರಲ್ಲಿ ಒಬ್ಬನಿಗೆ ಪೇಮೆಂಟ್ ಪುಟದಲ್ಲೇ ಫೋನ್ ಬಿಟ್ಟು ಕ್ಯಾಂಟೀನ್‌ಗೆ ಹೋಗಲು ಹೇಳಿ. ಉಳಿದ ಒಂಬತ್ತು ಜನಕ್ಕೆ ಸೀಟು ಸಿಕ್ಕರೆ ಮಾತ್ರ ಲಿಂಕ್ ಹಂಚಿ.