ಪೊರಕೆಗೆ ಒಂದು ಗಂಟೆ, ಪಿಕ್‌ನಿಕ್‌ಗೆ ಒಂದು ದಿನ!

ಯುವಕ ಮಂಡಳಿಯವರು ‘ಸೇವಾ ಯಾತ್ರೆ’ಗೆ ಹೊರಟಿದ್ದಾರೆ ಎಂಬುದು ಎಲ್ಲರಿಗಿಂತ ಮೊದಲು ಅಂಗಡಿಯವರಿಗೇ ಗೊತ್ತಾಗುತ್ತದೆ. ಬೆಳಗಿನ ಬೋಣಿಗೆ ಮುಂಚೆಯೇ ಚಂದಾ ಪುಸ್ತಕ ಗಲ್ಲಾದ ಮೇಲೆ ಬಂದು ಕೂತಿರುತ್ತದೆ. “ಮೈಸೂರಿಗೆ ಹೋಗ್ತಿದೀವಿ ಅಣ್ಣಾ, ಚಾಮುಂಡಿ ಬೆಟ್ಟದ ಮೆಟ್ಟಿಲು ಶುಚಿ ಮಾಡ್ತೀವಿ. ನಿಮ್ಮ ಕೈಲಾದಷ್ಟು ಬರೀರಿ.” ಒಳ್ಳೇ ಕೆಲಸಕ್ಕೆ ಇಲ್ಲ ಅನ್ನೋದು ಹೇಗೆ? ಬರೀತಾರೆ.

ಮುಂದಿನ ಕಥೆ ಕೇಳಿ. ಬೆಟ್ಟಕ್ಕೆ ಇರುವುದು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಐವತ್ತು ಗುಡಿಸುವಷ್ಟರಲ್ಲಿ ಬ್ಯಾನರಿನ ಫೋಟೋ ಮುಗಿದಿರುತ್ತದೆ. ಆಮೇಲೆ ಅರಮನೆ, ಮೃಗಾಲಯ, ಸಂಜೆಗೆ ಬೃಂದಾವನ. ಕಸ ತುಂಬಿದ ಚೀಲ ಮೆಟ್ಟಿಲ ಬದಿಯಲ್ಲೇ ಉಳಿಯುತ್ತದೆ. ಕೋತಿಗಳು ಅದನ್ನು ಹರಿದು ಹರಡುತ್ತವೆ. ಮಾರನೇ ದಿನ ಬಾಗಿ ಎತ್ತುವವರು ಯಾರು? ದಿನವೂ ಎತ್ತುವ ಪೌರಕಾರ್ಮಿಕರೇ! ಸೇವೆ ಯಾರಿಗೆ ಯಾರು ಮಾಡಿದಂತಾಯಿತು?

ಊರು ನೋಡುವುದು ತಪ್ಪೇ? ಖಂಡಿತ ಅಲ್ಲ. 1912ರಲ್ಲಿ ಕಟ್ಟಿ ಮುಗಿದ ಅರಮನೆಯನ್ನು, 1892ರಿಂದ ಇರುವ ಮೃಗಾಲಯವನ್ನು ಹಳ್ಳಿ ಹುಡುಗರು ಕಣ್ತುಂಬ ನೋಡಲಿ. ತಪ್ಪಿರುವುದು ಪ್ರವಾಸಕ್ಕೆ ಸೇವೆಯ ಬೋರ್ಡು ತಗುಲಿಸುವುದರಲ್ಲಿ.

ಸೇವೆಗೂ ಒಂದು ಅಳತೆ ಉಂಟು. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಅದರ ನಿಯಮದಂತೆ ಎರಡು ವರ್ಷದಲ್ಲಿ 240 ಗಂಟೆ ದುಡಿಮೆ, ಜೊತೆಗೆ ಏಳು ದಿನದ ಶಿಬಿರ. ‘ನನಗಲ್ಲ, ನಿನಗೆ’ ಎಂಬುದು ಅದರ ಮಾತು. ಅಲ್ಲಿ ಲೆಕ್ಕ ಗಂಟೆಯಲ್ಲಿ, ಫೋಟೋದಲ್ಲಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆಯಿತಲ್ಲ, ಅದೂ ಒಂದು ದಿನದ ಅತಿಥಿಗಳ ಪೊರಕೆಯಿಂದ ಬಂದದ್ದಲ್ಲ.

ಹಾಗಾದರೆ ಹುಡುಗರು ಏನು ಮಾಡಬೇಕು? ಹೋಗುವ ಮುಂಚೆ ಅಲ್ಲಿಯವರಿಗೊಂದು ಕಾಗದ ಬರೆದು, ಯಾವ ಕೆಲಸ ಬಾಕಿ ಇದೆ ಅಂತ ಕೇಳಲಿ. ನೂರೇ ಮೆಟ್ಟಿಲಾದರೂ ಸರಿ, ಪೂರ್ತಿ ಮುಗಿಸಲಿ. ಕಸದ ಚೀಲ ಗಾಡಿಗೆ ಏರಿದ ಮೇಲೆ ಊರು ನೋಡಲಿ, ಅದರ ಟಿಕೇಟು ತಮ್ಮ ಜೇಬಿನಿಂದ. ಹಿಂದಿರುಗಿದ ಮೇಲೆ ಎಷ್ಟು ಚಂದಾ ಬಂತು, ಎಷ್ಟು ಗಂಟೆ ದುಡಿದರು, ಬಸ್ಸಿಗೆಷ್ಟು, ಊಟಕ್ಕೆಷ್ಟು ಅಂತ ಮಂಡಳಿಯ ಬಾಗಿಲಿಗೆ ಒಂದು ಹಾಳೆ ಅಂಟಿಸಲಿ. ಬಸ್ಸಿಗೆ ಕಾಯುವವರೂ ಓದಿಕೊಳ್ಳುತ್ತಾರೆ.

ಇಷ್ಟು ಮಾಡಿದ ಮಂಡಳಿಗೆ ಮುಂದಿನ ವರ್ಷ ಅಂಗಡಿಯವರು ಕರೆದು ಚಂದಾ ಕೊಟ್ಟಾರು. ಮಾಡದವರು ಪುಸ್ತಕ ಹಿಡಿದು ಬಂದರೆ ಬರೆಯುವ ಮುನ್ನ ಒಂದೇ ಮಾತು ಕೇಳಿ: “ಹೋದ ವರ್ಷದ ಲೆಕ್ಕ ಎಲ್ಲಪ್ಪಾ?”