ಬ್ಯಾಗು ಪಾಸಾಯಿತು, ಮೈ?

ವಾರಾಣಸಿಯಿಂದ ಊರಿಗೆ ಹೊರಟಾಗ, ಮುರುಡೇಶ್ವರದ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್‌ಗೆಂದು ಟಾರ್ಚಿನ ಸ್ಪೇರ್ ಲಿಥಿಯಂ ಬ್ಯಾಟರಿಗಳನ್ನು ಚೆಕ್‌-ಇನ್‌ ಬ್ಯಾಗಿಗೆ ತುರುಕಿದ್ದೆ. ನಿಲ್ದಾಣದಲ್ಲಿ ಕರೆದು ತೆಗೆಸಿದರು. ತಪ್ಪು ನನ್ನದೇ, ಅವು ಕೈಚೀಲದಲ್ಲಿರಬೇಕು, ಚಾಕು ಚೆಕ್‌-ಇನ್‌ನಲ್ಲಿ. ಸಿಲಿಂಡರ್ ಹೊರುವ ಗೋಜು ಬೇಡ, ಅಲ್ಲೇ ಕೊಡುತ್ತಾರೆ.

ವಾಪಸು ಬರುವಾಗ ಯಾರೂ ಏನೂ ಕೇಳಲಿಲ್ಲ. ನನಗೆ ಭಯವಾಗಿದ್ದು ಅದಕ್ಕೇ. ನೀರಿನಡಿ ಮೈಯಲ್ಲಿ ಕರಗಿದ ನೈಟ್ರೋಜನ್, ವಿಮಾನ ಏರಿ ಒತ್ತಡ ಇಳಿದಾಗ ರಕ್ತದಲ್ಲೇ ಗುಳ್ಳೆಗಟ್ಟಬಹುದು. ಒಂದಕ್ಕಿಂತ ಹೆಚ್ಚು ಸಲ ಮುಳುಗಿದವರು ಕನಿಷ್ಠ 18 ಗಂಟೆ ಹಾರಬಾರದು ಎನ್ನುತ್ತಾರೆ ಡೈವಿಂಗ್ ತಜ್ಞರು. ಇದನ್ನು ಹಿಡಿಯುವ ಸ್ಕ್ಯಾನರ್ ಸೆಕ್ಯುರಿಟಿಯಲ್ಲಿಲ್ಲ.

ನಾವೋ, ವೀಕೆಂಡಿನಲ್ಲಿ ಊರು, ಸಮುದ್ರ ಎರಡನ್ನೂ ಮುಗಿಸಿ ಭಾನುವಾರ ರಾತ್ರಿಯೇ ಹೊರಡುವವರು. ಶನಿವಾರವೇ ಮುಳುಗಿ, ಅಮ್ಮನ ಕೈಯೂಟ ಭಾನುವಾರಕ್ಕಿರಲಿ. ಆಗದಿದ್ದರೆ ಸೋಮವಾರ ರಜೆ ಹಾಕಿ. ಮ್ಯಾನೇಜರ್ ಗೊಣಗಿದರೆ ಗೊಣಗಲಿ.