ನೆನೆದ ಟೋಪಿಯನ್ನು ನೆನೆಯೋರು ಯಾರು?

ಟೋಪಿ ಹಾಕೋದು ಅಂದರೆ ಗಾಂಧಿನಗರದಲ್ಲಿ ಬೇರೆಯೇ ಅರ್ಥ ಬಿಡಿ. ನಿರ್ಮಾಪಕನಿಗೆ ನಿರ್ದೇಶಕ ಹಾಕ್ತಾನೆ, ಇಬ್ಬರಿಗೂ ಸೇರಿಸಿ ವಿತರಕ ಹಾಕ್ತಾನೆ, ಕೊನೆಗೆ ಎಲ್ಲರೂ ಕೂಡಿ ಟಿಕೆಟ್ ಕೊಂಡ ಪ್ರೇಕ್ಷಕ ಮಹಾಶಯನಿಗೆ ಹಾಕ್ತಾರೆ! ಆ ಟೋಪಿಗೆ ಮಳೆಯ ಭಯವೂ ಇಲ್ಲ, ಬಿಸಿಲಿನ ಭಯವೂ ಇಲ್ಲ. ಈ ವಾರದ ಮಾತು ಅಸಲಿ ಟೋಪಿಯದು. ಸಿ.ಐ.ಡಿ., ಕೌಬಾಯ್, ವಿಲನ್, ಕಾನ್‌ಸ್ಟೇಬಲ್ ಇವರೆಲ್ಲರ ತಲೆಯೇರಿ ಕೂತ ಫೆಲ್ಟ್ ಹ್ಯಾಟಿನದು.

ಸಕಲೇಶಪುರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಸ್ವಾಮೀ, ಸಿನಿಮಾದಲ್ಲಿ ಹೀರೋ ಧಾರಾಕಾರ ಮಳೆಯಲ್ಲಿ ಹತ್ತು ಜನರನ್ನು ಚಚ್ಚಿ ಬಂದರೂ ಟೋಪಿ ಠಾಕುಠೀಕಾಗಿರುತ್ತೆ. ನಮ್ಮ ತಾತನ ಟೋಪಿ ಒಂದೇ ಮಳೆಗೆ ನೀರುದೋಸೆ ಆಗಿಹೋಯ್ತು. ಏನಿದರ ಗುಟ್ಟು?"

ಗುಟ್ಟು ಬಹಳ ಸುಲಭ. ಹೀರೋಗೆ ಅದೇ ಅಳತೆಯ, ಅದೇ ಬಣ್ಣದ ಎರಡೋ ಮೂರೋ ಟೋಪಿ ಇರುತ್ತವೆ. ಒಂದು ನೆನೆಯೋಕೆ, ಒಂದು ಕ್ಲೋಸಪ್ಪಿಗೆ, ಒಂದು ಫೈಟ್ ಮಾಸ್ಟರ್ ಕಡೆಯ ಡ್ಯೂಪಿಗೆ. ಹಿಂದಿನ ಸಾಲಿನಲ್ಲಿ ನಿಂತ ಜೂನಿಯರ್ ಆರ್ಟಿಸ್ಟಿಗೆ ಮಾತ್ರ ಒಂದೇ ಟೋಪಿ, ಅದೂ ಬಾಡಿಗೆಯದು. ನಿಮ್ಮ ತಾತನದ್ದೂ ಒಂದೇ. ಒಂದೇ ಟೋಪಿ ಇರೋನ ಕಷ್ಟ ಮೂರು ಟೋಪಿ ಇರೋನಿಗೆ ಹೇಗೆ ಗೊತ್ತಾಗಬೇಕು?

ಫೆಲ್ಟ್ ಅಂದರೆ ನೇಯ್ದ ಬಟ್ಟೆಯಲ್ಲ ಅನ್ನೋದು ಮೊದಲು ತಿಳಿಯಬೇಕು. ಅದಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಕುರಿಯ ಉಣ್ಣೆಯನ್ನೋ ಮೊಲದ ತುಪ್ಪಳವನ್ನೋ ನೀರು, ಶಾಖ, ಒತ್ತಡ ಮೂರರಲ್ಲೂ ಹಾಕಿ ಹಿಂಡಿದಾಗ ಕೂದಲಿಗೆ ಕೂದಲು ಕೊಂಡಿ ಹಾಕಿಕೊಂಡು ಹಾಳೆಯಾಗುತ್ತೆ. ಅದನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಮರದ ಅಚ್ಚಿನ ಮೇಲೆ ಎಳೆದು ಕೂರಿಸಿದರೆ ಟೋಪಿ. ಗಟ್ಟಿಯಾಗಿ ನಿಲ್ಲಲಿ ಅಂತ ಅನೇಕ ಟೋಪಿಗಳಿಗೆ ಅರಗಿನ ಗಂಜಿ ಹಾಕೋದುಂಟು. ಅದೇ ನಮ್ಮ ದೇಶದ ಕಾಡಿನ ಮರಗಳಲ್ಲಿ ಅರಗಿನ ಹುಳು ಮಾಡುವ ಅರಗು! ಚಾಪ್ಲಿನ್ ತಲೆ ಮೇಲೆ ಕುಣೀತಿತ್ತಲ್ಲ ಗುಂಡು ಟೋಪಿ, ಆ ಜಾತಿಯ ಟೋಪಿ ಮಡಕೆ ಥರ ಗಟ್ಟಿಯಾಗಿರೋದು ಈ ಅರಗಿನಿಂದಲೇ.

ಇಷ್ಟು ತಿಳಿದರೆ ಮುಕ್ಕಾಲು ಪಾಠ ಮುಗೀತು. ನೀರು ಮತ್ತು ಶಾಖ ಸೇರಿ ಹೆತ್ತ ಕೂಸು ಈ ಟೋಪಿ. ಅದೇ ನೀರು, ಅದೇ ಶಾಖ ಮತ್ತೆ ಒಟ್ಟಿಗೆ ಸಿಕ್ಕರೆ ಕಲಿತ ಆಕಾರ ಮರೆತು ಕುಗ್ಗಿ, ಸೊಟ್ಟಗಾಗಿ ಕೂರುತ್ತೆ. ಅಂದರೆ ಬರೀ ಮಳೆ ಟೋಪಿಯನ್ನು ಕೊಲ್ಲೋದಿಲ್ಲ ಸ್ವಾಮಿ. ಮಳೆಯಿಂದ ಬಂದಮೇಲೆ ಒಲೆ ಮುಂದೆ ಇಡೋ ಅವಸರ ಇದೆಯಲ್ಲ, ಅದು ಕೊಲ್ಲುತ್ತೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋದವರನ್ನು ಕೇಳಿ. ಜಿಟಿಜಿಟಿ ಮಳೆಗೆ ಹನಿಗಳು ಉಣ್ಣೆಯ ಮೇಲೆ ಮುತ್ತಿನಂತೆ ಕೂತು ಜಾರಿಹೋಗುತ್ತವೆ. ದಿನವಿಡೀ ಹೊಡೆದರೆ ಅದೇ ಕಂಬಳಿ ಕಲ್ಲಿನಷ್ಟು ಭಾರ. ಫೆಲ್ಟಿನ ಗುಣವೂ ಅದೇ. ಉಣ್ಣೆಯದಾದರೆ ಬೇಗ ಸೋತು ಅಂಚು ಜೋಲುಬೀಳುತ್ತೆ. ಮೊಲದ ತುಪ್ಪಳದ್ದು ಹೆಚ್ಚು ತಾಳುತ್ತೆ. ನೀರಲ್ಲೇ ಬಾಳುವ ಬೀವರ್ ಅನ್ನೋ ಪ್ರಾಣಿಯ ತುಪ್ಪಳದ್ದಾದರೆ ಎಲ್ಲಕ್ಕಿಂತ ಮೇಲು. ಅಮೆರಿಕದ ಸ್ಟೆಟ್ಸನ್ ಕಂಪನಿಯ ಹೆಸರಾಂತ ಚಿತ್ರವೊಂದಿದೆ: ಕೌಬಾಯ್ ಒಬ್ಬ ತನ್ನ ಟೋಪಿಯಲ್ಲೇ ನೀರು ಹಿಡಿದು ಕುದುರೆಗೆ ಕುಡಿಸ್ತಿದ್ದಾನೆ. ಒಳ್ಳೆ ಟೋಪಿ ಅಂದರೆ ಕೊಡ, ಕಳಪೆ ಟೋಪಿ ಅಂದರೆ ಜರಡಿ!

ಇನ್ನು ತೆರೆ ಮೇಲಿನ ಮಳೆಗೆ ಬರೋಣ. 1942ರ 'ಕಾಸಾಬ್ಲಾಂಕಾ'ದಲ್ಲಿ ಹಂಫ್ರಿ ಬೋಗಾರ್ಟ್ ಪ್ಯಾರಿಸ್ ರೈಲ್ವೆ ಸ್ಟೇಷನ್ನಿನಲ್ಲಿ ನಲ್ಲೆಯ ಕಾಗದ ಓದ್ತಾನೆ. ಮಳೆ ಹನಿ ಬಿದ್ದು ಅಕ್ಷರಗಳೆಲ್ಲ ಕರಗಿಹೋಗುತ್ತವೆ. ಅವನ ಕಣ್ಣಲ್ಲಿ ನೀರೇ ಇಲ್ಲ, ಅಳೋ ಕೆಲಸವನ್ನೆಲ್ಲ ಮಳೆಯೇ ಮಾಡಿಬಿಡುತ್ತೆ. ಆದರೆ ಕಣ್ಣು ಚುರುಕಿದ್ದವರು ಆಮೇಲೆ ಗಮನಿಸಿದ್ದಾರೆ: ಹೊರಗೆ ತೊಯ್ದು ತೊಪ್ಪೆಯಾದ ಅವನ ಕೋಟು ರೈಲು ಹತ್ತುವ ಹೊತ್ತಿಗೆ ಒಣಗಿಹೋಗಿದೆ! ಇದನ್ನೇ ಕಂಟಿನ್ಯುಟಿ ತಪ್ಪು ಅನ್ನೋದು.

1952ರ 'ಸಿಂಗಿಂಗ್ ಇನ್ ದಿ ರೈನ್' ನೋಡಿದ್ದೀರಾ? ಜೀನ್ ಕೆಲ್ಲಿ ಛತ್ರಿ ಮಡಚಿ, ಫೆಲ್ಟ್ ಹ್ಯಾಟು ಹಾಕಿ ಬೀದಿಯಲ್ಲಿ ಕುಣೀತಾನೆ, ಮಾಡಿನ ನೀರು ಬೀಳೋ ಕೊಳವೆ ಕೆಳಗೂ ಹೋಗಿ ನಿಲ್ತಾನೆ. ನೋಡೋರಿಗೆ ಆನಂದವೋ ಆನಂದ. ಆ ದಿನ ಅವನಿಗೆ 103 ಡಿಗ್ರಿ ಜ್ವರವಿತ್ತಂತೆ. ಮೈಮೇಲಿದ್ದ ಉಣ್ಣೆ ಸೂಟು ನೆನೆದೂ ನೆನೆದೂ ಕುಗ್ಗತೊಡಗಿತ್ತಂತೆ. ಮಳೆ ಅನ್ನೋದು ತೆರೆ ಮೇಲೆ ಹಾಡು, ಸೆಟ್ಟಿನಲ್ಲಿ ಪಾಡು.

ಕ್ಲಿಂಟ್ ಈಸ್ಟ್‌ವುಡ್ 1992ರಲ್ಲಿ 'ಅನ್‌ಫರ್ಗಿವನ್' ತೆಗೆದಾಗ ಮಳೆಗೆ ಮರ್ಯಾದೆ ಕೊಟ್ಟ. ಸುರಿಯೋ ಮಳೆಯಲ್ಲಿ ಕುದುರೆ ಮೇಲೆ ಬರುವ ಆ ಮುದುಕ ಜ್ವರ ಬಂದು ನಡುಗ್ತಾನೆ. ತೊಯ್ದ ಟೋಪಿ ಕೆಳಗಿನ ಆ ಮುಖ ನೋಡಿದರೇ ಸಾಕು, ಡೈಲಾಗು ಬೇಕಿಲ್ಲ. ಇನ್ನು ಇಂಡಿಯಾನಾ ಜೋನ್ಸ್ ಟೋಪಿ ಗೊತ್ತಲ್ಲ? 1981ರ ಮೊದಲ ಚಿತ್ರಕ್ಕೆ ಅದು ಬಂದದ್ದು ಲಂಡನ್ನಿನ ಹರ್ಬರ್ಟ್ ಜಾನ್ಸನ್ ಅಂಗಡಿಯಿಂದ. ಹೊಸ ಟೋಪಿ ಹೊಸದಾಗಿ ಕಾಣಬಾರದು ಅಂತ ವಸ್ತ್ರವಿನ್ಯಾಸಕಿ ಡೆಬೊರಾ ನಡೂಲ್‌ಮನ್ ಅದನ್ನು ಮುದುರಿ, ಅದರ ಮೇಲೆ ಕೂತು ಹಳೇದು ಮಾಡಿದರು. ಸುಮ್ಮನೆ ಹಾಳಾಗೋದಕ್ಕೂ ಕತೆಗೆ ಬೇಕಾದಷ್ಟೇ ಹಳೇದಾಗೋದಕ್ಕೂ ವ್ಯತ್ಯಾಸವಿದೆ ಅನ್ನೋದು ಆ ಕಸುಬಿನ ಮರ್ಮ.

ನಮ್ಮಲ್ಲಿ ಈ ಮರ್ಮ ಬಲ್ಲವರಿಲ್ಲವೇ? ಇದ್ದಾರೆ, ಟೈಟಲ್ ಕಾರ್ಡಿನಲ್ಲಿ ಕಣ್ಣು ಮಿಟುಕಿಸೋದರೊಳಗೆ ಮಾಯವಾಗ್ತಾರೆ ಅಷ್ಟೆ. ವಸ್ತ್ರಾಲಂಕಾರ ವಿಭಾಗದಲ್ಲಿ ತಲೆ ನರೆಸಿಕೊಂಡ ಅಸಿಸ್ಟೆಂಟ್ ಒಬ್ಬರನ್ನು ಹಿಡಿದು ಕೂರಿಸಿ ಕೇಳಿದೆ. "ನನ್ನ ಹೆಸರು ಹಾಕ್ಬೇಡಿ ಸಾರ್, ಟೋಪಿ ವಿಷಯ ಬೇಕಾದ್ರೆ ಹಾಕಿ" ಅಂದರು. ಟ್ಯಾಂಕರ್ ನೀರಿನ ರೈನ್ ಎಫೆಕ್ಟು ಮುಗಿದು ಎಲ್ಲರೂ ಊಟಕ್ಕೆ ಓಡಿದಾಗ, ಇಪ್ಪತ್ತು ಒದ್ದೆ ಟೋಪಿ ಹಿಡಿದು ಒಬ್ಬರೇ ಕೂರೋರು ಇವರು. ಬೆಳಿಗ್ಗೆ ಅದೇ ಸೀನಿನ ಉಳಿದರ್ಧ ಇರುತ್ತೆ. ಟೋಪಿ ಸೊಟ್ಟಗಾಗಿದ್ದರೆ ಬೈಗುಳ ಮಳೆಗಲ್ಲ, ಇವರಿಗೆ.

ಅವರು ಹೇಳಿದ್ದನ್ನು ಸಕಲೇಶಪುರದ ಓದುಗರು ಕತ್ತರಿಸಿ ಇಟ್ಟುಕೊಳ್ಳಬಹುದು.

ಒದ್ದೆ ಟೋಪಿಯನ್ನು ಮೆಲ್ಲಗೆ ಕೊಡವಿ. ಹಿಂಡಬೇಡಿ, ಉಜ್ಜಬೇಡಿ. ಒಣ ಮೆತ್ತನೆ ಬಟ್ಟೆ ಒತ್ತಿ ನೀರು ಹೀರಿಸಿ. ಮೈಯೆಲ್ಲ ತೊಯ್ದಿದ್ದರೆ ನೆತ್ತಿಯ ಮಡಿಕೆಗಳನ್ನು ಒಳಗಿನಿಂದ ಮೆತ್ತಗೆ ತಳ್ಳಿ ಬಿಡಿಸಿ. ಒಳಗೆ ಬೆವರು ಹೀರೋ ತೊಗಲಿನ ಪಟ್ಟಿ ಇರುತ್ತಲ್ಲ, ಅದನ್ನು ಹೊರಕ್ಕೆ ಮಗುಚಿ, ಟೋಪಿ ಆ ಪಟ್ಟಿಯ ಮೇಲೆ ನಿಲ್ಲುವಂತೆ ಇಡಿ. ಅಂಚಿನ ಭಾರ ನೆಲದ ಮೇಲೆ ಬೀಳಬಾರದು. ಅಂಚು ನೆಲಕ್ಕೆ ತಾಗಿ ಒಣಗಿತೋ, ಚಪ್ಪಟೆಯಾಗಿ ಹಾಗೇ ನಿಂತುಬಿಡುತ್ತೆ.

ಆಮೇಲೆ ಕೈಕಟ್ಟಿ ಕೂತಿರಿ, ಇದೇ ಕಷ್ಟದ ಭಾಗ! ಒಲೆ ಬೇಡ, ಬಿಸಿಲು ಬೇಡ, ತಲೆಗೂದಲು ಒಣಗಿಸೋ ಮೆಷಿನ್ನಂತೂ ಬೇಡವೇ ಬೇಡ. ಶಾಖಕ್ಕೆ ತೊಗಲಿನ ಪಟ್ಟಿ ಕುಗ್ಗುತ್ತೆ, ಅದರ ಜೊತೆ ಟೋಪಿಯೂ ಕುಗ್ಗುತ್ತೆ, ಮಾರನೇ ದಿನ ಅದು ನಿಮ್ಮ ತಲೆಗಲ್ಲ, ನಿಮ್ಮ ಮಗನ ತಲೆಗೆ ಸರಿಹೋಗುತ್ತೆ. ಗಾಳಿಯಾಡೋ ನೆರಳಲ್ಲಿ ಒಂದು ದಿನ, ಮಳೆಗಾಲವಾದರೆ ಎರಡು ದಿನ. ದೂರದಿಂದ ಫ್ಯಾನ್ ಗಾಳಿ ಬೀಸಿದರೆ ತೊಂದರೆಯಿಲ್ಲ. ಕೆಸರು ಮೆತ್ತಿದ್ದರೆ ಪೂರಾ ಒಣಗಲಿ, ಆಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಕೂದಲು ಮಲಗಿದ ದಿಕ್ಕಿಗೇ ಗುಡಿಸಿ. ಹಸಿ ಕೆಸರು ತಿಕ್ಕಿದರೆ ಒಳಗೇ ಇಳಿಯುತ್ತೆ. ಒಣಗಿದ ಮೇಲೂ ಅಂಚು ಸೊಟ್ಟಗಿದ್ದರೆ ಕುದಿಯೋ ಕೆಟಲಿನ ಹಬೆಗೆ ದೂರದಿಂದ ಒಂದಿಷ್ಟು ಹಿಡಿದು, ಕೈಯಲ್ಲಿ ತಿದ್ದಿ, ತಣಿಯೋವರೆಗೂ ಹಾಗೇ ಬಿಡಿ.

ಮುಂಜಾಗ್ರತೆ ಬೇಕು ಅನ್ನೋರಿಗೆ ನೀರು ತಡೆಯೋ ಸಿಲಿಕೋನ್ ಸ್ಪ್ರೇ ಸಿಗುತ್ತೆ. ಬಯಲಲ್ಲಿ ನಿಂತು, ಮೊದಲು ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ, ತೆಳ್ಳಗೆ ಹೊಡೀಬೇಕು. ಇದಕ್ಕಿಂತ ಅಗ್ಗದ್ದು ಪ್ಲಾಸ್ಟಿಕ್ ಹೊದಿಕೆ. ಅಮೆರಿಕದ ಪೊಲೀಸರೂ ಮಳೆ ಬಂದರೆ ಹ್ಯಾಟಿಗೆ ಪ್ಲಾಸ್ಟಿಕ್ ಕವರ್ ಹಾಕ್ತಾರೆ, ನಾಚಿಕೆಯೇನಿಲ್ಲ. ಆದರೆ ಒದ್ದೆ ಟೋಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕೆಟ್ಟಿರಿ. ನಾಲ್ಕು ದಿನಕ್ಕೆ ಬೂಷ್ಟು ಹಿಡಿದು ಅಣಬೆ ತೋಟವಾಗುತ್ತೆ. ಒಣಗಿದ್ದನ್ನು ನೆತ್ತಿ ಕೆಳಗೆ ಮಾಡಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಮೊಳೆಗೆ ನೇತುಹಾಕಬೇಡಿ. ಉಣ್ಣೆ ಕಂಡರೆ ನುಸಿಗೆ ಹಬ್ಬದೂಟ, ಆದ್ದರಿಂದ ಕಾಗದದಲ್ಲಿ ಸುತ್ತಿದ ಎರಡು ನುಸಿಗುಳಿಗೆ ಜೊತೆಗಿರಲಿ.

ಈಗ ಅಸಲು ಮಾತಿಗೆ ಬರ್ತೀನಿ. ಕನ್ನಡ ಚಿತ್ರಗಳಲ್ಲಿ ಅತಿ ಹೆಚ್ಚು ಸಲ ಕಾಣಿಸಿಕೊಂಡ ಹ್ಯಾಟು ಯಾವುದು ಹೇಳಿ? ಹೀರೋದಲ್ಲ, ವಿಲನ್‌ದೂ ಅಲ್ಲ. ಒಂದು ಬದಿ ಮಡಚಿದ ಪೊಲೀಸಪ್ಪನ ಸ್ಲೌಚ್ ಹ್ಯಾಟ್! ಹೀರೋ ಇನ್ಸ್‌ಪೆಕ್ಟರ್ ಆದರೆ ಪೀಕ್ ಕ್ಯಾಪು, ಪಕ್ಕದಲ್ಲಿ ಸೆಲ್ಯೂಟ್ ಹೊಡೆಯೋ ಕಾನ್‌ಸ್ಟೇಬಲ್‌ಗೆ ಈ ಹ್ಯಾಟು. ಹಾಸ್ಯನಟರು ಅದನ್ನು ಬೀಳಿಸಿ, ಒದ್ದು, ಹುಡುಕಿ ಎಷ್ಟು ನಗಿಸಿದ್ದಾರೆ! ನಾವು ನಕ್ಕೆವು. ನಿಜವಾದ ಕಾನ್‌ಸ್ಟೇಬಲ್ ನಗಲಿಲ್ಲ. ಬಂದೋಬಸ್ತಿನಲ್ಲಿ, ಟ್ರಾಫಿಕ್ಕಿನಲ್ಲಿ, ಗಣಪತಿ ಮೆರವಣಿಗೆಯಲ್ಲಿ ಮಳೆ ಹೊಡೆದರೆ ಆ ಟೋಪಿಯೇ ಒಂದು ಹೊರೆ. ಬೆಳಗಾದರೆ ಮತ್ತೆ ಅದನ್ನೇ ಹಾಕಬೇಕು. ಎರಡು ದಿನ ನೆರಳಲ್ಲಿ ಒಣಗಿಸಿ ಅಂತ ನಾನು ಬರೆದದ್ದು ಅವರ ಮುಂದೆ ಓದಿದರೆ ಏನಂತಾರೋ!

ಕೊನೆಗೂ ಅವರ ಕೂಗು ಕೇಳಿಸಿತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕಾನ್‌ಸ್ಟೇಬಲ್‌ಗಳಿಗೂ ಕಡುನೀಲಿ ಪೀಕ್ ಕ್ಯಾಪ್ ಕೊಡಲು ಶುರು ಮಾಡಿತು. ದಶಕಗಳ ಸ್ಲೌಚ್ ಹ್ಯಾಟಿಗೆ ವಿದಾಯ. ಪೊಲೀಸಪ್ಪನ ತಲೆ ಹಗುರಾಯ್ತು, ಸಂತೋಷ.

ಆದರೆ ಸಿನಿಮಾದವರೇ, ನಿಮ್ಮ ತಲೆ ಭಾರವಾಗಬೇಕಾದ ಹೊತ್ತು ಇದು. ನಾಳೆ ಯಾರೋ ಒಬ್ಬ ಹುಡುಗ ನಿರ್ದೇಶಕ ಎಂಬತ್ತರ ದಶಕದ ಕತೆ ತೆಗೀತೀನಿ ಅಂತಾನೆ. ಅವನ ಕಾನ್‌ಸ್ಟೇಬಲ್ ತಲೆ ಮೇಲೆ ನೀಲಿ ಕ್ಯಾಪ್ ಇಟ್ಟರೆ ಟೂರಿಂಗ್ ಟಾಕೀಸಿನ ಕಾಲದ ಅಜ್ಜನೂ ಶಿಳ್ಳೆ ಹೊಡೆದು ಗೇಲಿ ಮಾಡ್ತಾನೆ. ಇಲ್ಲಿವರೆಗೂ ಸ್ಲೌಚ್ ಹ್ಯಾಟ್ ಎಲ್ಲೆಂದರಲ್ಲಿ ಕಾಣ್ತಿತ್ತು, ಆದ್ದರಿಂದ ಯಾರೂ ಅದನ್ನು ಜೋಪಾನ ಮಾಡಬೇಕು ಅಂದುಕೊಳ್ಳಲಿಲ್ಲ. ಇನ್ನು ಮೇಲೆ ಗೋದಾಮಿನ ಮೂಲೆಯಲ್ಲಿ, ಸೋರೋ ಶೀಟಿನ ಕೆಳಗೆ ಬಿದ್ದಿರೋ ಹಳೇ ಹ್ಯಾಟುಗಳೇ ಗತಿ.

ಅದನ್ನು ಒಣಗಿಸಿ, ಬ್ರಷ್ ಹೊಡೆದು, ಪೆಟ್ಟಿಗೆಯಲ್ಲಿಡೋ ಕೆಲಸ ಆ ಹೆಸರು ಹೇಳಲೊಲ್ಲದ ಅಸಿಸ್ಟೆಂಟಿಗೆ ಗೊತ್ತು. ಅವರಿಗೊಂದು ಒಣ ಕೋಣೆ, ಕೈಗಿಷ್ಟು ಸಂಬಳ, ಟೈಟಲ್ ಕಾರ್ಡಿನಲ್ಲಿ ಇನ್ನೆರಡು ಸೆಕೆಂಡು ಕೊಡೋ ಪುಣ್ಯಾತ್ಮ ನಿರ್ಮಾಪಕರು ಯಾರಾದರೂ ಇದ್ದೀರಾ? ಇಲ್ಲಾಂದ್ರೆ ನೀವು ಅವರಿಗೂ ಟೋಪಿ ಹಾಕಿದಿರಿ ಅಂತಲೇ ಲೆಕ್ಕ!